ಎಂಟನೆಯ ಅಭ್ಯರ್ಥಿ

ನನ್ನ ಚಿಕ್ಕಮ್ಮ ಮನುಷ್ಯರನ್ನು ಗುರುತಿಸುವುದು ಮುಖದಿಂದಲ್ಲ, ಹೊಸ್ತಿಲಿನಿಂದ. ಬೀದಿಯಲ್ಲಿ ಎದುರಾಗಿ ನಕ್ಕು ನಿಂತವರನ್ನು ಕ್ಷಣಕಾಲ ಅಪರಿಚಿತರಂತೆ ದಿಟ್ಟಿಸಿ, ಅವರು ಮನೆಯ ಸಂಖ್ಯೆ ಹೇಳಿದೊಡನೆ ಮುಖವರಳಿಸಿ, "ಓ, ಮೂರನೇ ಮೆಟ್ಟಿಲು ಒಡೆದಿರೋ ಮನೆ! ಹಿತ್ತಲ ನಲ್ಲಿ ಸೋರ್ತಿತ್ತಲ್ಲ, ಸರಿಮಾಡಿಸಿದ್ರಾ?" ಎಂದು ವಿಚಾರಿಸುತ್ತಾಳೆ. ಇಪ್ಪತ್ತಾರು ವರ್ಷಗಳಿಂದ ಮನೆಮನೆಯ ನೀರಿನ ಮೀಟರ್ ಓದುವುದು ಅವಳ ಉದ್ಯೋಗ. ಮೀಟರುಗಳೆಲ್ಲ ಮೊಣಕಾಲಿನ ಎತ್ತರದಲ್ಲಿರುವುದರಿಂದ ಅವಳ ದೃಷ್ಟಿಯೂ ಕಾಲಕ್ರಮದಲ್ಲಿ ಅಲ್ಲಿಗೇ ಇಳಿದು ನೆಲೆಸಿಬಿಟ್ಟಿದೆ. ನಡೆಯುವಾಗ ಸೊಂಟದಿಂದ ಮೇಲೆ ತುಸು ಮುಂದಕ್ಕೆ ಬಾಗಿ, ಎಲ್ಲೋ ಬಿದ್ದುಹೋದ ಗುಂಡಿಯನ್ನು ಹುಡುಕುವವಳಂತೆ ಹೆಜ್ಜೆಯಿಡುತ್ತಾಳೆ. ಸೈಕಲ್ ಹತ್ತಿದಾಗ ಮಾತ್ರ ಆ ಬಾಗುವಿಕೆ ತನ್ನ ನಿಜವಾದ ಸ್ಥಾನವನ್ನು ಕಂಡುಕೊಂಡಂತೆ ಸುಂದರವಾಗಿಬಿಡುತ್ತದೆ.

ಅವಳ ಕೋಟಿನ ವಿಷಯ ಹೇಳದಿದ್ದರೆ ಅವಳ ವಿಷಯ ಅರ್ಧ ಹೇಳಿದಂತೆಯೇ. ಇಲಾಖೆಯವರು ಕೊಟ್ಟ, ಮೊಣಕಾಲು ಮುಟ್ಟುವ, ಬೂದಿ ಬಣ್ಣದ ಆ ದಪ್ಪ ಕೋಟಿನ ಜೇಬುಗಳಲ್ಲಿ ಟಾರ್ಚು, ಸೀಮೆಸುಣ್ಣ, ತಂತಿಯ ಬ್ರಷ್ಷು, ನಾಯಿಗಳಿಗೆಂದು ಬಿಸ್ಕತ್ತಿನ ಚೂರು, ಮತ್ತು ಗೋಡೆಯ ಸಂದಿಯಲ್ಲಿ ಅಡಗಿದ ಮೀಟರುಗಳನ್ನು ನೋಡಲು ಉದ್ದನೆಯ ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿ. ಪ್ರತಿಯೊಂದು ಮೀಟರನ್ನೂ ಎರಡು ಸಲ ಓದುತ್ತಾಳೆ: ಒಮ್ಮೆ ಎಡದಿಂದ ಬಲಕ್ಕೆ, ಒಮ್ಮೆ ಬಲದಿಂದ ಎಡಕ್ಕೆ. ಓದಿದ್ದನ್ನು ತನಗೆ ತಾನೇ "ಬರ್ಕೋ" ಎಂದು ಹೇಳಿಕೊಂಡು ಬರೆದುಕೊಳ್ಳುತ್ತಾಳೆ. ಈ "ಬರ್ಕೋ" ಎಂಬುದು ಅವಳ ನಾಲಗೆಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಆಸ್ಪತ್ರೆಯ ಅಡುಗೆಮನೆಯಲ್ಲಿ ಬಾಣಸಿಗರಾಗಿರುವ ಚಿಕ್ಕಪ್ಪ ಊಟಕ್ಕೆ ಕೂತಾಗ, "ಉಪ್ಪು ಕಮ್ಮಿ. ಬರ್ಕೋ" ಎಂದುಬಿಡುತ್ತಾಳೆ. ಅವರು ಗಾಳಿಯಲ್ಲಿ ಬೆರಳಾಡಿಸಿ ಬರೆದುಕೊಂಡಂತೆ ಮಾಡುತ್ತಾರೆ. ಅವರಿಬ್ಬರ ದಾಂಪತ್ಯದ ಸುಖ ಬಹುಪಾಲು ಈ ಬಗೆಯದು.

ನಮ್ಮೂರಿನ ಸೈಕಲ್ ಸವಾರರ ಸಂಘಕ್ಕೆ ಚಿಕ್ಕಮ್ಮ ಹದಿನಾಲ್ಕು ವರ್ಷಗಳ ಸದಸ್ಯೆ. ಮೂರು ವರ್ಷಗಳಿಂದ ನಾನು ಅದರ ಕಾರ್ಯದರ್ಶಿ. ಈಜುಕೊಳದ ಕಟ್ಟಡದ ಮಹಡಿಯಲ್ಲಿ, ಕ್ಲೋರಿನ್ ವಾಸನೆ ಗೋಡೆಗಳಿಗೂ ಹಿಡಿದಿರುವ ಒಂದು ಉದ್ದನೆಯ ಕೋಣೆಯಲ್ಲಿ, ವರ್ಷಕ್ಕೊಮ್ಮೆ ಮಹಾಸಭೆ ಸೇರುತ್ತಿತ್ತು. ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಏಳು ಹೆಸರುಗಳ ಪಟ್ಟಿಯನ್ನು ಓದುತ್ತಿದ್ದರು, ಸಭಿಕರು ಚಪ್ಪಾಳೆ ತಟ್ಟುತ್ತಿದ್ದರು, ಆ ಚಪ್ಪಾಳೆಯೇ ಚುನಾವಣೆಯಾಗಿರುತ್ತಿತ್ತು. ಡಾಕ್ಟರು ಸಜ್ಜನರು, ಸಂಘಕ್ಕಾಗಿ ದುಡಿದವರು. ಆದರೆ ಬಾಯಿ ತೆರೆದು ಮಲಗಿದ ರೋಗಿಗಳ ಜೊತೆ ಮಾತಾಡಿ ಅಭ್ಯಾಸವಾದದ್ದರಿಂದಲೋ ಏನೋ, ಯಾರಾದರೂ ಎದುರುತ್ತರ ಕೊಟ್ಟಾರೆಂಬ ಕಲ್ಪನೆಯೇ ಅವರಿಗಿರಲಿಲ್ಲ. ಆ ಪಟ್ಟಿಯನ್ನು ಟೈಪು ಮಾಡುತ್ತಿದ್ದವನು ನಾನು. ಏಳನೆಯ ಹೆಸರು ನನ್ನದೇ.

ಆ ವರ್ಷ ನಗರಸಭೆ ಒಂದು ಪತ್ರ ಕಳಿಸಿತ್ತು. ನದಿಯ ಮೇಲಿನ ಹಳೆಯ ಸೇತುವೆಯಲ್ಲಿ ಬೆಳಿಗ್ಗೆ ಮತ್ತು ಸಂಜೆ ಸೈಕಲ್ಲುಗಳನ್ನು ನಿಷೇಧಿಸುವುದು. ಅದಕ್ಕೆ ಬದಲಾಗಿ ದಂಡೆಯುದ್ದಕ್ಕೂ ಮರಗಳ ನೆರಳಿನಲ್ಲಿ ಸುಂದರವಾದ ಸೈಕಲ್ ಪಥವೊಂದನ್ನು ನಿರ್ಮಿಸುವುದು. ಇದಕ್ಕೆ ಸಂಘದ ಲಿಖಿತ ಒಪ್ಪಿಗೆ ಬೇಕು. ಸೇತುವೆ ತಪ್ಪಿದರೆ ಆಚೆ ದಡಕ್ಕೆ ಹೋಗುವವರು ನಾಲ್ಕು ಕಿಲೋಮೀಟರ್ ಸುತ್ತಬೇಕು. ಸಮಿತಿಯ ಏಳು ಮಂದಿಯಲ್ಲಿ ಯಾರಿಗೂ ಬೆಳಗಿನ ಹೊತ್ತು ಆಚೆ ದಡದಲ್ಲಿ ಕೆಲಸವಿರಲಿಲ್ಲ. ನಾವು ಭಾನುವಾರದ ಸವಾರರು. ಮಹಾಸಭೆ ಮುಗಿದೊಡನೆ ಒಪ್ಪಿಗೆಗೆ ಸಹಿ ಹಾಕುವುದೆಂದು ಒಳಗೊಳಗೇ ತೀರ್ಮಾನವಾಗಿತ್ತು.

ಡಾಕ್ಟರು ಪಟ್ಟಿ ಓದಿ ಮುಗಿಸಿ, ರೂಢಿಯಂತೆ, "ಯಾರದಾದರೂ ವಿರೋಧ ಇದೆಯೇ?" ಎಂದರು, ಉತ್ತರಕ್ಕೆ ಕಾಯದೆ ಕನ್ನಡಕ ತೆಗೆಯತೊಡಗಿದರು. ಹಿಂದಿನ ಸಾಲಿನಲ್ಲಿ ಬೂದಿ ಬಣ್ಣದ ಕೋಟೊಂದು ಎದ್ದು ನಿಂತಿತು. ಹದಿಮೂರು ಸಭೆಗಳಲ್ಲಿ ಒಂದು ಮಾತೂ ಆಡದೆ ಕೂತು ಹೋಗಿದ್ದವಳು ಅವಳು.

"ವಿರೋಧ ಏನಿಲ್ಲ. ಚುನಾವಣೆ ಬೇಕು ಅಷ್ಟೇ."

"ಚುನಾವಣೆ ಈಗ ಆಯ್ತಲ್ಲ ಮೇಡಂ?"

"ಏಳು ಕುರ್ಚಿಗೆ ಏಳೇ ಜನ ಇದ್ರೆ ಅದು ಚುನಾವಣೆ ಹೇಗಾಗುತ್ತೆ ಡಾಕ್ಟ್ರೇ? ನಾನು ಎಂಟನೆಯವಳು. ಬರ್ಕೊಳ್ಳಿ."

ಸಭೆ ನಕ್ಕಿತು. ಡಾಕ್ಟರೂ ನಕ್ಕು, ನಿಯಮಾವಳಿಯ ಪ್ರಕಾರ ಅಭ್ಯರ್ಥಿಯ ಹೆಸರನ್ನು ಬೇರೊಬ್ಬ ಸದಸ್ಯರು ಸೂಚಿಸಬೇಕಾಗುತ್ತದೆ ಎಂದರು. ಚಿಕ್ಕಮ್ಮ ಯಾರನ್ನೂ ಕೇಳಲಿಲ್ಲ. ವೇದಿಕೆಯ ಮೇಲೆ ಕೂತಿದ್ದ ನನ್ನ ಕಡೆಗೂ ನೋಡಲಿಲ್ಲ. ಅಥವಾ ನೋಡಲಿಲ್ಲವೆಂದು ನಾನು ನಂಬಿಕೊಂಡೆ. ನನ್ನ ಕೈ ಮೇಜಿನ ಮೇಲೆ ಕಲ್ಲಿನಂತೆ ಬಿದ್ದಿತ್ತು. ಅವಳ ತೊಡೆಯ ಮೇಲೆ ಮಲಗಿ ಅಕ್ಷರ ಕಲಿತವನು ನಾನು, ಅವಳ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಇಡೀ ಊರನ್ನು ಕಂಡವನು. ಆದರೂ ಕೈ ಏಳಲಿಲ್ಲ. ಕೊನೆಗೆ ಅವಳ ಪಕ್ಕದಲ್ಲಿದ್ದ, ಆಚೆ ದಡದ ಲಾಂಡ್ರಿಯಲ್ಲಿ ಹೊದಿಕೆ ಒಗೆಯುವ ಹೆಂಗಸು, "ನಾನು ಸೂಚಿಸ್ತೀನಿ. ಸಹಿ ಎಲ್ಲಿ ಹಾಕ್ಬೇಕು?" ಎಂದು ಎದ್ದಳು. ಚುನಾವಣೆ ನಾಲ್ಕು ವಾರಗಳ ಅನಂತರವೆಂದು ನಿಶ್ಚಯವಾಯಿತು. ಅದು ಮುಗಿಯುವವರೆಗೆ ಯಾವ ಪತ್ರಕ್ಕೂ ಸಹಿಯಿಲ್ಲ.

ಆ ನಾಲ್ಕು ವಾರಗಳಲ್ಲಿ ಚಿಕ್ಕಮ್ಮ ಮತ ಕೇಳಿದ ರೀತಿಯನ್ನು ನೆನೆದರೆ ನನಗೆ ನಗುವೂ ಗೌರವವೂ ಒಟ್ಟಿಗೇ ಉಕ್ಕುತ್ತವೆ. ಊರಿನ ಅರ್ಧ ಬಾಗಿಲುಗಳು ಅವಳಿಗಾಗಿ ತಿಂಗಳಿಗೊಮ್ಮೆ ತೆರೆಯುತ್ತಿದ್ದವು. ಮೀಟರ್ ಓದುತ್ತ ಓದುತ್ತಲೇ ಎರಡು ಮಾತು ಹೇಳಿದ್ದರೆ ಸಾಕಿತ್ತು. ಅವಳು ಹೇಳಲಿಲ್ಲ. ಕೆಲಸ ಮುಗಿಸಿ ಮನೆಗೆ ಬಂದು, ಕೋಟನ್ನು ಗೂಟಕ್ಕೆ ತೂಗುಹಾಕಿ, ಅದೇ ಬೀದಿಗಳಿಗೆ ಸಂಜೆ ಮತ್ತೆ ಹೊರಡುತ್ತಿದ್ದಳು.

"ಕೋಟು ನೋಡಿ ಬಾಗಿಲು ತೆಗೀತಾರೆ. ಅದು ನೀರಿನ ಇಲಾಖೆಗೆ ತೆಗೆದ ಬಾಗಿಲು, ನನಗಲ್ಲ," ಎಂಬುದು ಅವಳ ವಾದ.

ಪರಿಣಾಮ, ಕೋಟಿಲ್ಲದ ಅವಳನ್ನು ಯಾರೂ ಗುರುತಿಸಲಿಲ್ಲ! ಇಪ್ಪತ್ತಾರು ವರ್ಷ ಕಂಡವರೇ ಬಾಗಿಲ ಸಂದಿಯಿಂದ ಇಣುಕಿ "ಯಾರು ಬೇಕಿತ್ತು?" ಎನ್ನುತ್ತಿದ್ದರು, ಅವಳಿಗೂ ಅವರ ಮುಖಗಳ ಪರಿಚಯ ಅಷ್ಟಕ್ಕಷ್ಟೇ. ಮೆಟ್ಟಿಲು, ನಲ್ಲಿ, ಮೀಟರಿನ ಮೂಲೆ ಎಂದೆಲ್ಲ ವಿವರಿಸಿ ಪರಸ್ಪರ ಪರಿಚಯವಾಗುವಷ್ಟರಲ್ಲಿ ಹತ್ತು ನಿಮಿಷ ಕಳೆದು, ಆಮೇಲೆ ಸೇತುವೆಯ ಮಾತು ಬರುತ್ತಿತ್ತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಸೇತುವೆಯ ತುದಿಯಲ್ಲಿ ನಿಂತು ಎರಡು ವಾರ ಸೈಕಲ್ ಎಣಿಸಿದಳು. ಆರರಿಂದ ಏಳೂವರೆಯೊಳಗೆ ದಿನಕ್ಕೆ ಸರಾಸರಿ ನಾನ್ನೂರ ಹನ್ನೆರಡು: ಲಾಂಡ್ರಿಯವರು, ಬೇಕರಿಯವರು, ಆಸ್ಪತ್ರೆಯ ದಾದಿಯರು, ಮಕ್ಕಳನ್ನು ಮುಂದೆ ಕೂರಿಸಿಕೊಂಡ ತಾಯಂದಿರು. ಅವರಲ್ಲಿ ಬಹಳ ಮಂದಿಗೆ ಇಂಥದೊಂದು ಸಂಘವಿರುವುದೇ ತಿಳಿದಿರಲಿಲ್ಲ. ಅವಳು ಸದಸ್ಯತ್ವದ ಅರ್ಜಿಗಳನ್ನು ಹಂಚಿದಳು. ಎಂಬತ್ತಕ್ಕೂ ಹೆಚ್ಚು ಅರ್ಜಿಗಳು ನನ್ನ ಮೇಜಿನ ಮೇಲೆ ಬಂದು ಬಿದ್ದಾಗ ಡಾಕ್ಟರ ಮುಖ ಸಣ್ಣದಾಯಿತು.

ಮತದಾನಕ್ಕೆ ಮೊದಲು ಅಭ್ಯರ್ಥಿಗಳೆಲ್ಲ ಮಾತಾಡಬೇಕಿತ್ತು. ಆ ದಿನ ಕೋಣೆ ಕಿಕ್ಕಿರಿದಿತ್ತು. ಕಿಟಕಿಯ ಕಟ್ಟೆಗಳ ಮೇಲೂ ಜನ. ಡಾಕ್ಟರು ನದಿಯ ದಂಡೆಯ ಪಥವನ್ನು ಬಹಳ ಸೊಗಸಾಗಿ ವರ್ಣಿಸಿ, ಕೊನೆಗೆ ತುಸು ಕಹಿಯಾಗಿ, "ಕೆಲವರು ಓಟಿಗೋಸ್ಕರ ಸದಸ್ಯರನ್ನ ತಯಾರು ಮಾಡಿದ್ದಾರೆ," ಎಂದರು. ಚಿಕ್ಕಮ್ಮ ಎದ್ದಳು.

"ಸೈಕಲ್ ತುಳಿಯದವರು ಇವರಲ್ಲಿ ಒಬ್ಬರಿದ್ರೆ ತೋರ್ಸಿ ಡಾಕ್ಟ್ರೇ, ನಾನು ಈಗಲೇ ಮನೆಗೆ ಹೋಗ್ತೀನಿ." ಆಮೇಲೆ ದನಿ ತಗ್ಗಿಸಿ, "ಕಡ್ಡಿಗೆ ಕಟ್ಟಿದ ಕನ್ನಡಿ ನಿಮ್ಮ ಹತ್ರಾನೂ ಇದೆ, ನನ್ನ ಹತ್ರಾನೂ ಇದೆ. ಸುಲಭಕ್ಕೆ ಕಾಣದ ಜಾಗ ನೋಡೋಕೆ ತಾನೆ ಅದು ಇರೋದು? ಬೆಳಿಗ್ಗೆ ಆರೂವರೆಗೆ ಸೇತುವೆ ಮೇಲೆ ಯಾರು ಹೋಗ್ತಾರೆ, ಒಂದ್ಸಲ ನೋಡಿ ಬನ್ನಿ. ನೋಡಿದ ಮೇಲೂ ಸಹಿ ಹಾಕ್ಬೇಕು ಅನ್ಸಿದ್ರೆ ಹಾಕಿ," ಎಂದು ಕೂತಳು.

ಡಾಕ್ಟರು ಬಾಯಿ ತೆರೆದವರು ಹಾಗೇ ಇದ್ದರು. ಲಾಂಡ್ರಿಯ ಹೆಂಗಸು, "ನೋವಾಗಲ್ಲ ಡಾಕ್ಟ್ರೇ," ಎಂದಳು. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಡಾಕ್ಟರೂ ನಕ್ಕರೆಂಬುದನ್ನು ಅವರ ಹಿರಿಮೆಗೆ ಸಾಕ್ಷಿಯಾಗಿ ಇಲ್ಲಿ ಬರೆಯಬೇಕು.

ಮತ ಎಣಿಸಿದವರು ಸಂಘಕ್ಕೆ ಸಂಬಂಧವಿಲ್ಲದ, ಊರಿನ ಗ್ರಂಥಾಲಯದ ಮುಖ್ಯಸ್ಥೆ. ಒಬ್ಬೊಬ್ಬರೂ ಗರಿಷ್ಠ ಏಳು ಹೆಸರುಗಳಿಗೆ ಗುರುತು ಹಾಕಬಹುದಿತ್ತು. ಎಂಟು ಅಭ್ಯರ್ಥಿಗಳಲ್ಲಿ ಕಡಿಮೆ ಮತ ಬಂದವರೊಬ್ಬರು ಹೊರಗುಳಿಯಬೇಕು. ಎಣಿಕೆ ಮುಗಿದಾಗ ಹೊರಗುಳಿದವನು ನಾನು. ಚಿಕ್ಕಮ್ಮನಿಗೆ ನೂರ ಹದಿನೆಂಟು, ನನಗೆ ನೂರ ಹದಿನೇಳು. ಹಿಂದಿನ ಸಾಲುಗಳು ಕುಣಿದಾಡಿದವು. ಯಾರೋ ಅವಳ ಬೆನ್ನು ತಟ್ಟಿದರು, ಯಾರೋ ಸೈಕಲ್ ಗಂಟೆ ಬಾರಿಸಿದರು.

ಚಿಕ್ಕಮ್ಮ ಗ್ರಂಥಾಲಯದಾಕೆಯ ಮೇಜಿನ ಬಳಿ ಹೋದಳು. "ಇನ್ನೊಂದ್ಸಲ ಎಣಿಸಿ."

"ಗೆದ್ದವರು ನೀವೇ ಅಲ್ವಾ?" ಆಕೆಗೆ ಅಚ್ಚರಿ.

"ಅದಕ್ಕೇ ಹೇಳ್ತಿರೋದು. ಸೋತು ಕೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ. ಒಂದೇ ಓಟು ನೋಡಿ, ಎರಡನೇ ಸಲ ಓದ್ಲೇಬೇಕು."

ಎರಡನೆಯ ಎಣಿಕೆಯಲ್ಲಿ ಒಂದು ಮತಪತ್ರ ಪ್ರತ್ಯೇಕವಾಗಿ ಮೇಜಿನ ಮೇಲೆ ಉಳಿಯಿತು. ಅದರಲ್ಲಿ ಏಳರ ಬದಲು ಎಂಟೂ ಹೆಸರುಗಳಿಗೆ ಗುರುತುಗಳಿದ್ದವು. ಪಾಪ, ಯಾರನ್ನೂ ನೋಯಿಸಲು ಮನಸ್ಸಿಲ್ಲದ ಯಾರದೋ ಕೆಲಸ! ಮೊದಲ ಸಲ ಅದರಲ್ಲಿ ಅವಳ ಗುರುತನ್ನು ಲೆಕ್ಕಕ್ಕೆ ಹಿಡಿದು, ಪುಟದ ಅಂಚಿಗೆ ಸರಿದಿದ್ದ ನನ್ನ ಗುರುತನ್ನು ಕಾಣದೆ ಬಿಟ್ಟಿದ್ದರು. ಈಗ ಪತ್ರವೇ ಅಸಿಂಧು. ಇಬ್ಬರಿಗೂ ನೂರ ಹದಿನೇಳು. ಸಮಸಮವಾದರೆ ಈಗಾಗಲೇ ಸಮಿತಿಯಲ್ಲಿರುವವರೇ ಮುಂದುವರಿಯತಕ್ಕದ್ದು ಎಂಬುದು ನಿಯಮ. ಆ ನಿಯಮವನ್ನು ಹುಡುಕಿ ಗಟ್ಟಿಯಾಗಿ ಓದಿದವಳೂ ಚಿಕ್ಕಮ್ಮನೇ. ಹಿಂದಿನ ಸಾಲುಗಳಲ್ಲಿ ಗದ್ದಲವೆದ್ದಾಗ ಕೈಯೆತ್ತಿ, "ನಿಯಮ ನಮಗೂ ಅದೇ," ಎಂದಳು.

ಅವಳು ಹೊರಟಾಗ ನಾನು ಮೆಟ್ಟಿಲಿಳಿದು ಓಡಿದೆ. ಸೈಕಲ್ಲಿನ ಬೀಗ ತೆಗೆಯುತ್ತಿದ್ದಳು.

"ಚಿಕ್ಕಮ್ಮಾ, ನಾನು ರಾಜೀನಾಮೆ ಕೊಡ್ತೀನಿ. ನೀನೇ ಬಾ ಸಮಿತಿಗೆ."

"ಯಾಕೆ? ನೂರ ಹದಿನೇಳು ಜನ ನಿನಗೆ ಹಾಕಿಲ್ವಾ? ಅದರಲ್ಲಿ ನಂದೂ ಒಂದು."

"ಆವತ್ತು ಸಭೇಲಿ ನಾನು ಕೈ ಎತ್ತಲಿಲ್ಲ."

"ಎತ್ತಲಿಲ್ಲ. ನೋಡ್ದೆ." ಅವಳು ಅಪರೂಪಕ್ಕೆ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. "ಈಗ ಕುರ್ಚಿ ನಿಂದು. ಭದ್ರವಾಗಿ ಕೂತ್ಕೋ, ಅಲ್ಲಿ ಕೈ ಎತ್ತು. ಬರ್ಕೋ."

ಮರುವಾರ ಹೊಸ ಸಮಿತಿಯ ಮೊದಲ ಸಭೆ. ಸದಸ್ಯರು ಬಂದು ಕೂರಬಹುದೆಂಬ, ಯಾರೂ ಎಂದೂ ಬಳಸದ ನಿಯಮವೊಂದಿತ್ತು. ಅಂದು ಮೂವತ್ತು ಮಂದಿ ಬಂದು ಕೂತಿದ್ದರು, ಹಿಂದಿನ ಸಾಲಿನಲ್ಲಿ ಅವಳು. ಒಪ್ಪಿಗೆಯ ಪತ್ರ ಮತಕ್ಕೆ ಬಂತು. ಒಪ್ಪಿಗೆ ಬೇಡವೆನ್ನುವವರು ಕೈಯೆತ್ತಬೇಕೆಂದಾಗ ಮೂರು ಕೈಗಳೆದ್ದವು. ಆ ಮೂರರಲ್ಲಿ ಒಂದು, ಸದ್ದಿಲ್ಲದೆ ಬೆಳಿಗ್ಗೆ ಆರೂವರೆಗೆ ಸೇತುವೆಗೆ ಹೋಗಿಬಂದಿದ್ದ ಡಾಕ್ಟರದು! ನಾಲ್ಕನೆಯದು ನನ್ನದು. ಒಪ್ಪಿಗೆ ಹೋಗಲಿಲ್ಲ. ನಗರಸಭೆ ಗೊಣಗಿತು, ಮುಂದೂಡಿತು, ಕಡೆಗೆ ಸೇತುವೆಯ ಅಂಚಿನಲ್ಲಿ ಸೈಕಲ್ಲುಗಳಿಗೆಂದು ಬಿಳಿಯ ಗೆರೆ ಎಳೆಸಿತು. ಮರುವರ್ಷ ಹನ್ನೊಂದು ಮಂದಿ ಸ್ಪರ್ಧಿಸಿದರು. ಎಲ್ಲರಿಗಿಂತ ಹೆಚ್ಚು ಮತ ಪಡೆದವಳು ಚಿಕ್ಕಮ್ಮ. ಆಗಲೂ ಎರಡನೆಯ ಸಲ ಎಣಿಸಿ ಎಂದಳು, ಎಲ್ಲರೂ ಹಣೆ ಚಚ್ಚಿಕೊಂಡು ಎಣಿಸಿದರು.

ಅವಳ ಅಕ್ಕನ ಮಗನೆಂದು ಹೇಳಿಕೊಳ್ಳುವಾಗ ಈಗ ನನ್ನ ಎದೆ ಉಬ್ಬುತ್ತದೆ. ಸಂಘ-ಸಂಸ್ಥೆಗಳನ್ನು ಕಟ್ಟುವವರನ್ನು ನಾವು ಕೊಂಡಾಡುತ್ತೇವೆ, ಮುನ್ನಡೆಸುವವರಿಗೆ ಹಾರ ಹಾಕುತ್ತೇವೆ. ಆದರೆ ಅವು ಕೆಲವರ ಸ್ವತ್ತಾಗಿ ಕಿರಿದಾಗುತ್ತ ಹೋಗದಂತೆ ಕಾಯುವವರು ಬೇರೆಯೇ ಒಂದು ಜಾತಿಯ ಜನ. ಅವರು ಬಹುಕಾಲ ಮೌನವಾಗಿರುತ್ತಾರೆ, ಆ ಮೌನವನ್ನು ನಾವು ಸಮ್ಮತಿಯೆಂದು ತಪ್ಪಾಗಿ ತಿಳಿಯುತ್ತೇವೆ. ಎದ್ದು ನಿಂತಾಗ ಅವರು ಕೇಳುವುದು ಅಧಿಕಾರವನ್ನಲ್ಲ. ನಾವೇ ಬರೆದು ನಾವೇ ಮರೆತ ನಿಯಮವನ್ನು, ಮತ್ತು ಅದು ತಮಗೂ ಅನ್ವಯಿಸಲಿ ಎಂಬುದನ್ನು. ಇಂಥವರು ಗೆದ್ದರೆ ಒಂದು ಸಮಿತಿಗೆ ಒಬ್ಬ ಒಳ್ಳೆಯ ಸದಸ್ಯೆ ಸಿಗುತ್ತಾಳೆ. ಇವರು ನ್ಯಾಯವಾಗಿ ಸೋಲಲು ಸಿದ್ಧರಾದಾಗ ಇಡೀ ಊರು ತಾನೂ ನ್ಯಾಯವಾಗಿರಬಲ್ಲೆನೆಂದು ಮೊದಲ ಬಾರಿಗೆ ನಂಬುತ್ತದೆ.