ಜ್ವಾಲೆ ನೋಡುತ್ತಿದ್ದ ಸಣ್ಣಸ್ವಾಮಿ

ಪ್ರಾಯೋಗಿಕ ಪರೀಕ್ಷೆಯ ದಿನಗಳಲ್ಲಿ ಸಣ್ಣಸ್ವಾಮಿಯವರು ಉಪ್ಪು ಮುಟ್ಟುತ್ತಿರಲಿಲ್ಲ. ಅದು ಯಾವ ದೇವರ ವ್ರತವೂ ಅಲ್ಲ. ಬೆರಳಿಗಂಟಿದ ಒಂದು ಕಣ ಉಪ್ಪು, ಲವಣ ಗುರುತಿಸಲು ಜ್ವಾಲೆಗೆ ಹಿಡಿಯುವ ಪ್ಲಾಟಿನಂ ತಂತಿಗೆ ತಗುಲಿದರೂ ಜ್ವಾಲೆಯೆಲ್ಲ ಹಳದಿಯಾಗಿ, ಮಿಕ್ಕ ಲವಣಗಳ ಬಣ್ಣ ಮುಚ್ಚಿಹೋಗುತ್ತದೆ ಎಂಬ ಭಯ. ಸಪ್ಪೆ ಮುದ್ದೆ ಕಟ್ಟಿಕೊಡುವಾಗ ಅವರ ಹೆಂಡತಿ ರಂಗಮ್ಮ, “ಪರೀಕ್ಷೆ ಮಕ್ಳಿಗೋ ನಿಮಗೋ?” ಎಂದು ಕೇಳುತ್ತಿದ್ದರಂತೆ.

ಕೊಡಗು ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ನಾನು ಅಲ್ಲಿನ ಕಾಲೇಜಿನ ಇಂಟರ್ಮೀಡಿಯೆಟ್ ತರಗತಿಗೆ ರಸಾಯನಶಾಸ್ತ್ರ ಹೇಳಲು ಸೇರಿದ ಹೊಸಬ. ಅವರು ಪ್ರಯೋಗಶಾಲೆಯ ಅಟೆಂಡರು, ನನಗಿಂತ ಇಪ್ಪತ್ತು ವರ್ಷ ಹಿರಿಯರು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ಒಕ್ಕಲು ಮನೆತನದವರು. ಹರೆಯದಲ್ಲಿ ಪಾಲಿಬೆಟ್ಟದ ಎಸ್ಟೇಟಿನಲ್ಲಿ ಏಣಿ ಹತ್ತಿ ಕಾಳುಮೆಣಸು ಕೊಯ್ದಿದ್ದರು. ಆಮ್ಲ ಸಿಡಿದು ತೂತಾದ ಖಾಕಿ ಕೋಟು ತೊಟ್ಟು, ಎರಡು ಕೈಗಳನ್ನೂ ಮೈಯಿಂದ ತುಸು ದೂರವೇ ಇಟ್ಟುಕೊಂಡು, ಸಂತೆಯ ಬೀದಿಯಲ್ಲಿಯೂ ಗಾಜಿನ ಸಾಮಾನುಗಳ ನಡುವೆ ಹಾಯುವವರಂತೆ ನಡೆಯುತ್ತಿದ್ದರು.

ಕಾದ ಪರಮಾಣುವಿನಲ್ಲಿ ಎಲೆಕ್ಟ್ರಾನು ಮೇಲಿನ ಮಟ್ಟಕ್ಕೇರುತ್ತದೆ, ಮರಳಿ ಇಳಿಯುವಾಗ ಬೆಳಕು ಬಿಡುತ್ತದೆ ಎಂದು ನಾನೊಂದು ದಿನ ಬೆವರು ಸುರಿಸಿ ಪಾಠ ಹೇಳಿದ್ದೆ. ಮಕ್ಕಳು ಹೋದ ಮೇಲೆ ಹಲಗೆ ಒರೆಸುತ್ತ ಅವರೆಂದರು:

“ಇದು ಮೆಣಸಿನ ಏಣಿ ಥರ ಅಲ್ವಾ ಸಾರ್? ಒಂಟಿ ಬಿದಿರು, ಗೆಣ್ಣಿನ ಮೋಟು ಕವಲೇ ಮೆಟ್ಟಿಲು. ಕಾಲಿಟ್ರೆ ಕವಲಿನ ಮೇಲೇ ಇಡ್ಬೇಕು. ನಡುವೆ ನಿಂತೋರು ಯಾರೂ ಇಲ್ಲ.”

“ಬಿದ್ದವರು?”

“ನಾನೇ ಇದೀನಲ್ಲ. ಕಣ್ಮುಂದೆ ನಕ್ಷತ್ರ ಕಂಡ್ವು. ಇಳಿಯುವಾಗ ಬೆಳಕು ಬರೋದು ನಿಜಾನೇ.”

ಒಂದೊಂದು ಧಾತುವಿಗೂ ಒಂದೊಂದು ಏಣಿ, ಕವಲುಗಳ ಅಂತರ ಬೇರೆಯಾದ್ದರಿಂದ ಬೆಳಕಿನ ಬಣ್ಣವೂ ಬೇರೆ ಎಂದು ಮರುದಿನ ನಾನು ಅದನ್ನೇ ಬೆಳೆಸಿ ಹೇಳಿದೆ. ನಿವೃತ್ತನಾಗುವವರೆಗೂ ಹಾಗೆಯೇ ಹೇಳಿದೆ.

ಮಳೆಗಾಲದ ತೇವಕ್ಕೆ ಸೀಸೆಗಳ ಚೀಟಿಗಳು ಕಳಚಿ ಬೀಳುತ್ತಿದ್ದವು. ಒಳಗಿನ ಲವಣ ಯಾವುದೆಂದು ಸಣ್ಣಸ್ವಾಮಿಯವರು ಜ್ವಾಲೆಗೆ ಹಿಡಿದು ಹೇಳುವರು, ನಾನು ಬರೆದುಕೊಳ್ಳುವೆನು. ಒಂದು ವರ್ಷ ಪರೀಕ್ಷೆಗೆಂದು ಅಂಥದೊಂದು ಸೀಸೆಯ ಲವಣವನ್ನು ‘ಸ್ಟ್ರಾನ್ಷಿಯಂ’ ಎಂದರು. ನಾನು ನೋಡದೆಯೇ ಪರೀಕ್ಷಕರಿಗೆ ಕೊಡುವ ಸರಿಯುತ್ತರಗಳ ಪಟ್ಟಿಗೆ ಸೇರಿಸಿ ಸಹಿ ಹಾಕಿದೆ. ಆ ಲವಣದ ಪೊಟ್ಟಣ ಬೋಜಮ್ಮ ಎಂಬ ವಿದ್ಯಾರ್ಥಿನಿಯ ಪಾಲಿಗೆ ಬಂತು. ಅವಳು ‘ಕ್ಯಾಲ್ಸಿಯಂ’ ಎಂದು ಬರೆದಳು. ಎರಡರ ಜ್ವಾಲೆಯೂ ಕೆಂಪೇ, ಆದರೆ ಸ್ಟ್ರಾನ್ಷಿಯಂನದು ಕಡುಗೆಂಪು, ಕ್ಯಾಲ್ಸಿಯಂನದು ಇಟ್ಟಿಗೆಯ ಕೆಂಪು.

ಹೊರಗಿನಿಂದ ಬಂದ ಪರೀಕ್ಷಕರು ಪಟ್ಟಿಯನ್ನು ನೋಡಿ ಅವಳ ಉತ್ತರದ ಮೇಲೆ ಕೆಂಪು ಗೆರೆ ಎಳೆದರು. ಪ್ರಾಯೋಗಿಕದಲ್ಲಿ ಸೋತರೆ ವರ್ಷವೇ ಹೋದಂತೆ.

“ಸರಿಯಾಗಿ ನೋಡಿದೆಯೇನಮ್ಮಾ?” ಎಂದು ಪರೀಕ್ಷಕರು ಕೇಳಿದರು.

“ಎರಡು ಸಲ ನೋಡಿದೆ ಸರ್. ಇಟ್ಟಿಗೆಯ ಕೆಂಪೇ ಬಂದದ್ದು. ಬೇರೆ ಬಣ್ಣ ಬರೆಯುವುದು ಹೇಗೆ?”

ಸಣ್ಣಸ್ವಾಮಿಯವರು ಕೈಯಲ್ಲಿದ್ದ ನಳಿಕೆಗಳನ್ನು ಕೆಳಗಿಟ್ಟು ಮುಂದೆ ಬಂದರು. ಪರೀಕ್ಷೆ ನಡೆವಾಗ ಅಟೆಂಡರು ಬಾಯಿ ತೆರೆಯುವಂತಿರಲಿಲ್ಲ.

“ಆ ಮಗು ಕಂಡಿದ್ದೇ ಸರಿ ಸ್ವಾಮಿ. ಹೋದ ಮಳೆಗಾಲದಿಂದ ನನಗೆ ಕೆಂಪೆಲ್ಲ ಒಂದೇ ಥರ ಕಾಣ್ತದೆ. ಹೇಳಿದ್ರೆ ಕೆಲಸ ಹೋಗ್ತದೆ ಅಂತ ಹೇಳ್ಲಿಲ್ಲ.”

“ಪಟ್ಟಿಗೆ ಸಹಿ ನನ್ನದು” ಎಂದು ನಾನು ತಡವಾಗಿ ತೊದಲಿದೆ.

“ಕೈ ನಿಮ್ದು ಸಾರ್, ಕಣ್ಣು ನಂದು” ಎಂದರು.

ಪರೀಕ್ಷಕರು ತಾವೇ ಲವಣವನ್ನು ಜ್ವಾಲೆಗೆ ಹಿಡಿದು ನೋಡಿ, ಕೆಂಪು ಗೆರೆಯನ್ನು ಹೊಡೆದುಹಾಕಿದರು. ಬೋಜಮ್ಮ ತೇರ್ಗಡೆಯಾದಳು. ಮುಂದಿನ ತಿಂಗಳು ಪ್ರಯೋಗಶಾಲೆಯ ಬೀಗದ ಕೈ ಬೇರೊಬ್ಬರಿಗೆ ಹೋಯಿತು. ಸಣ್ಣಸ್ವಾಮಿಯವರನ್ನು ಗಂಟೆ ಬಾರಿಸುವ ಕೆಲಸಕ್ಕೆ ಹಾಕಿದರು. ನನಗೆ ಯಾರೂ ಏನೂ ಅನ್ನಲಿಲ್ಲ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಪರಮಾಣುವಿನ ಒಳಗನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಅದರಿಂದ ಹೊರಟ ಬೆಳಕನ್ನು ಕಂಡವರ ಮಾತನ್ನು ನಂಬಿ ಪುಸ್ತಕ ಬರೆಯುತ್ತೇವೆ, ಪಾಠ ಹೇಳುತ್ತೇವೆ. ಆ ನಂಬಿಕೆಯನ್ನು ಎತ್ತಿ ಹಿಡಿದಿರುವವರು ಎಲ್ಲವನ್ನೂ ಕಂಡ ಮಹನೀಯರಷ್ಟೇ ಅಲ್ಲ. ತಮಗೆ ಕಾಣದೆ ಹೋದದ್ದನ್ನು, ಅನ್ನಕ್ಕೆ ಕುತ್ತು ಬಂದರೂ, ಕಾಣಲಿಲ್ಲ ಎಂದು ಹೇಳಬಲ್ಲ ಇಂಥ ಹೆಸರಿಲ್ಲದವರೂ ಹೌದು.