ಹನ್ನೊಂದು ಕ್ಲಬ್ಬಿನ ಗಂಡು

ನನ್ನ ಅಕ್ಕನ ಮಗ ಬೈರೇಶನಿಗೆ ಹೆಣ್ಣು ಸಿಗದಿರುವುದಕ್ಕೆ ನಾನೇ ಕಾರಣ ಎಂದು ಗೊತ್ತಾಗಿದ್ದು ಸೋಂಪುರದ ಆದಿನಾರಾಯಣಪ್ಪನವರ ಮನೆಯಲ್ಲಿ, ಕೇಸರಿಬಾತು ಬಾಯಲ್ಲಿದ್ದಾಗ.

ಅದಕ್ಕೂ ಮೊದಲು ಮೂರು ಮನೆ ನೋಡಿದ್ದೆವು. ಮೂರರಲ್ಲೂ ತಿಂಡಿ ಕೊಟ್ಟರು, ಹೆಣ್ಣು ಕೊಡಲಿಲ್ಲ. ಅವನಿಗೇನು ಕಮ್ಮಿ ಹೇಳಿ? ನಮ್ಮೂರು ಸಾಸಲಿನ ಒಣಕೆರೆಯಲ್ಲಿ ಚೆಂಡು ಒದೆಯಲು ಕಲಿತವನು, ಹದಿಮೂರು ವರ್ಷ ಫುಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವನು. ಕೋಲ್ಕತ್ತ, ಗೋವಾ, ಶಿಲ್ಲಾಂಗ್, ಕೊನೆಗೆ ಮಾಲ್ಡೀವ್ಸ್. ಐದು ಭಾಷೆಯಲ್ಲಿ ಬೈಯಬಲ್ಲ. ಅವನನ್ನು ಬಿಟ್ಟರೆ ನಮ್ಮ ವಂಶದಲ್ಲಿ ತುಮಕೂರು ದಾಟಿದವನು ನಾನೊಬ್ಬನೇ, ಅದೂ ಬಸ್ಸಿನಲ್ಲಿ ನಿದ್ದೆ ಹೋಗಿ.

ಈಗವನಿಗೆ ಮೂವತ್ಮೂರು. ಮಂಡಿ ಹೋಗಿದೆ. ದೊಡ್ಡಬಳ್ಳಾಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾನೆ. "ಮಾವ, ಈ ಸಲನೂ ಆಗ್ಲಿಲ್ಲ ಅಂದ್ರೆ ಸಾಕು ಬಿಡು. ಇನ್ನು ನನ್ ಕೈಲಾಗಲ್ಲ" ಎಂದು ಬರುವಾಗ ಕಾರಿನಲ್ಲೇ ಹೇಳಿದ್ದ.

ಆದಿನಾರಾಯಣಪ್ಪ ಸೋಂಪುರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. "ಶಾಲೆಗೆ ಸೇರೋಕ್ ಮುಂಚೆ ಹುಡ್ಗ ಏನ್ ಮಾಡ್ಕೊಂಡಿದ್ರು?" ಎಂದರು.

ನಾನು ಎದೆಯುಬ್ಬಿಸಿ ಎಂದಿನಂತೆ ಹೇಳಿದೆ: "ದೊಡ್ಡ ಸ್ಟ್ರೈಕರ್ ಯಜಮಾನ್ರೇ! ಹದಿಮೂರು ವರ್ಷದಲ್ಲಿ ಹನ್ನೊಂದು ಕ್ಲಬ್ಬಲ್ಲಿ ಆಡವ್ನೆ!"

ಅವರು ಎದ್ದೇ ನಿಂತರು. "ಏನ್ರೀ ಮುನಿರಾಜಣ್ಣ, ನಮ್ ಫ್ಯಾಕ್ಟ್ರೀಲಿ ಇಂಥೋರೇ ಸ್ಟ್ರೈಕ್ ಮಾಡಿ ನಲವತ್ತು ದಿನ ಗೇಟ್ ಹಾಕ್ಸಿದ್ರು. ಅಂಥೋನ್ನ ಅಳಿಯ ಮಾಡ್ಕೊಳ್ಳಾ? ಸಾಲ್ದೂ ಅಂತ ಇಸ್ಪೀಟು ಬೇರೆ! ಹನ್ನೊಂದು ಕ್ಲಬ್ಬು! ನಮ್ಮೂರಲ್ಲಿ ಒಂದೇ ಕ್ಲಬ್ಬಿಗೆ ಮೂರು ಮನೆ ಹಾಳಾಗೈತೆ ಕಣ್ರೀ!"

ಕೇಸರಿಬಾತು ಗಂಟಲಲ್ಲೇ ನಿಂತಿತು. ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ! ಹಿಂದೆ ನೋಡಿದ ಮೂರು ಮನೆಯಲ್ಲೂ ಇದನ್ನೇ ಹೇಳಿದ್ದೆ. ನಮ್ಮ ಕಡೆ ಕ್ಲಬ್ ಅಂದರೆ ಇಸ್ಪೀಟೇ ಎಂಬುದು ನನಗಾದರೂ ಹೊಳೆಯಬೇಡವೆ? ವಾರಕ್ಕೆರಡು ಸಲ ಹೋಗುವವನು ನಾನೇ.

"ಫುಟ್‌ಬಾಲ್ ಯಜಮಾನ್ರೇ, ಫುಟ್‌ಬಾಲ್! ಸ್ಟ್ರೈಕರ್ ಅಂದ್ರೆ ಗೋಲ್ ಹೊಡೆಯೋನು!" ಎಂದು ಅರಚಿದೆ. ಬೈರೇಶ ಮೊಬೈಲಿನಲ್ಲಿ ತನ್ನ ಹಳೆಯ ಗೋಲೊಂದನ್ನು ತೋರಿಸಿದ. ಆದಿನಾರಾಯಣಪ್ಪ ಎರಡು ಸಲ ನೋಡಿ ಕುಳಿತುಕೊಂಡರು. ಬದುಕಿದೆ ಎಂದುಕೊಂಡೆ.

ಆಗ ಕಾಫಿ ತಂದಿದ್ದ ಅವರ ಮಗಳು ರಂಜಿತ ನೇರವಾಗಿ ಬೈರೇಶನನ್ನೇ ಕೇಳಿದಳು: "ಹದಿಮೂರು ವರ್ಷಕ್ಕೆ ಹನ್ನೊಂದು ಕ್ಲಬ್ಬು ಅಂದ್ರೆ, ಎಲ್ಲೂ ಎರಡು ವರ್ಷ ನೆಟ್ಟಗೆ ನಿಂತಿಲ್ವಲ್ಲ ನೀವು. ನನ್ನೂ ಹಂಗೇ ಬಿಟ್ಟು ಹೋಗ್ತೀರಾ?"

ನಾನು ಬಾಯಿ ತೆರೆದೆ. "ಮಾವ, ನೀನ್ ಸುಮ್ನಿರು" ಎಂದ ಬೈರೇಶ. ಅವಳತ್ತ ತಿರುಗಿದ.

"ನಾನಾಗೇ ಒಂದೂ ಬಿಟ್ಟಿಲ್ಲಾ ರೀ. ಅವರೇ ಕಳ್ಸಿದ್ದು. ಗೋಲ್ ಹೊಡ್ದಾಗ ಹೆಗಲ ಮೇಲೆ ಹೊತ್ಕೊಂಡು ಕುಣೀತಾರೆ. ನಾಲ್ಕು ಮ್ಯಾಚ್ ಹೊಡೀಲಿಲ್ಲ ಅಂದ್ರೆ ಫೋನೂ ಎತ್ತಲ್ಲ. ಹೋದ ಊರಲ್ಲೆಲ್ಲಾ, ಇಲ್ಲೇ ಇದ್ಬಿಡೋಣ ಅಂದ್ಕೊಂಡೇ ಬೀರೂಗೆ ಬಟ್ಟೆ ಜೋಡಿಸ್ತಿದ್ದೆ."

ಇಷ್ಟು ವರ್ಷ, ನಮ್ಮ ಹುಡುಗ ಊರೂರು ಸುತ್ತುವ ಶೋಕಿವಾಲ ಎಂದು ಹೇಳಿಕೊಂಡು ಮೆರೆದವನು ನಾನು. ನಾಚಿಕೆಯಾಯಿತು.

ರಂಜಿತ ಕಾಫಿ ಲೋಟವನ್ನು ಅವನ ಕೈಗೇ ಕೊಟ್ಟಳು.

"ನಾನು ಗೋಲ್ ಕೇಳಲ್ಲ, ಕಳ್ಸೋದೂ ಇಲ್ಲ. ಮದುವೆ ಮಾತಿಗೆ ಬರೋವಾಗ ಮಾತ್ರ ಈ ಮಾವನ್ನ ಮನೇಲೇ ಬಿಟ್ಟು ಬನ್ನಿ."