ಹತ್ತು ಲಕ್ಷದ ಮೂರು

ಏಣಿಯಿಂದ ಬಿದ್ದವನು ತಮ್ಮ, ಎರಡು ತಿಂಗಳಿಂದ ನಿದ್ದೆಗೆಟ್ಟವಳು ಅಕ್ಕ. ತನ್ನ ಔಷಧಿ ಅಂಗಡಿಯ ಮೇಲಿನ ಕಪಾಟಿಗೆ ಕೈ ಚಾಚಲು ಹೋಗಿ ಅವನು ತಲೆ ಒಡೆದುಕೊಂಡಿದ್ದ. ಗಾಯ ಒಣಗಿತು, ಡಾಕ್ಟರೂ ಇನ್ನು ಕೆಲಸಕ್ಕೆ ಹೋಗಪ್ಪಾ ಎಂದರು. ಇವನು ಮಾತ್ರ ಬೀಗದ ಕೈಯನ್ನು ಮೊಳೆಗೆ ನೇತುಹಾಕಿ ಕೂತುಬಿಟ್ಟ.

"ತಲೆ ನೆಟ್ಟಗಿದೆ ಅಂತ ನನಗೆ ಖಾತ್ರಿ ಆಗ್ಬೇಕು ಅಕ್ಕ. ಒಂದು ಗುಳಿಗೆ ಹೆಚ್ಚುಕಮ್ಮಿ ಆದ್ರೆ ಯಾರದ್ದೋ ಜೀವ ಹೋಗತ್ತೆ."

ಖಾತ್ರಿ ಮಾಡಿಕೊಳ್ಳಲು ಅವನು ಹಿಡಿದದ್ದು ಹತ್ತು ಲಕ್ಷದ ಮೂರು ಎಂಬ ಸಂಖ್ಯೆಯನ್ನು. ದಿನಕ್ಕೊಂದು ಭಾಗಾಕಾರ. ಮೊದಲು ಎರಡರಿಂದ, ಆಮೇಲೆ ಮೂರು, ಐದು, ಏಳು, ಹೀಗೆ. ಲೆಕ್ಕ ಮುಗಿದ ದಿನ ಅಂಗಡಿ ತೆರೆಯುವುದಂತೆ. ಅಕ್ಕ ಹೊಲಿಗೆಯವಳು. ಕತ್ತರಿಸಿದ ಬಟ್ಟೆಯಲ್ಲಿ ತುಂಡು ಉಳಿಯದಿದ್ದರೆ ಕೆಲಸ ಗೆದ್ದಂತೆ ಎಂಬುದು ಅವಳ ಮೂವತ್ತು ವರ್ಷದ ಬುದ್ಧಿ. ಅವನ ಲೆಕ್ಕದ ಪುಸ್ತಕದಲ್ಲಿ ದಿನಾ ಏನಾದರೊಂದು ಶೇಷ ಉಳಿಯುವುದನ್ನು ಕಂಡು ಅವಳ ಕರುಳು ಚುರ್ ಎನ್ನುತ್ತಿತ್ತು. ಪಾಪ, ಎಷ್ಟು ಹೆಣಗಿದರೂ ಸರಿಹೋಗುತ್ತಿಲ್ಲವಲ್ಲ!

ಇಪ್ಪತ್ತಾರನೆಯ ದಿನ ನೂರ ಒಂದರಿಂದ ಭಾಗಿಸಿದ. ಅಷ್ಟು ದೊಡ್ಡ ಲೆಕ್ಕದಲ್ಲಿ ಉಳಿದದ್ದು ಬರೀ ಎರಡು. ಅವಳಿಗೆ ತಡೆಯಲಾಗಲಿಲ್ಲ. ತಮ್ಮ ಸ್ನಾನಕ್ಕೆ ಹೋದಾಗ ಎರಡನ್ನು ಅಳಿಸಿ ಅಲ್ಲೊಂದು ಸೊನ್ನೆ ಬರೆದಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮರುದಿನ ಪುಸ್ತಕ ತೆರೆದವನ ಮುಖ ಬಿಳಿಚಿಕೊಂಡಿತು. ಮತ್ತೆ ಮತ್ತೆ ಭಾಗಿಸಿದ. ಕೊನೆಗೆ ಬೀಗದ ಕೈ ತಂದು ಅವಳ ಮುಂದಿಟ್ಟ.

"ಅಂಗಡಿ ಬೇರೆ ಯಾರಿಗಾದ್ರೂ ಕೊಟ್ಬಿಡು. ಆರು ಸಲ ಮಾಡ್ದೆ, ಆರು ಸಲಾನೂ ಎರಡು ಉಳೀತು. ಪುಸ್ತಕದಲ್ಲಿ ನೋಡಿದ್ರೆ ನಿನ್ನೆ ಸೊನ್ನೆ ಬರ್ದಿದೀನಿ. ಬರ್ದಿದ್ದು ನೆನಪೇ ಇಲ್ಲ."

"ಸೊನ್ನೆ ಬಂದ್ರೆ ಒಳ್ಳೇದಲ್ವೇನೋ?"

"ಹತ್ತು ಲಕ್ಷದ ಮೂರು ಅವಿಭಾಜ್ಯ ಸಂಖ್ಯೆ ಅಕ್ಕ. ಒಂದು ಮತ್ತೆ ತಾನು ಬಿಟ್ರೆ ಯಾವುದಕ್ಕೂ ಬಗ್ಗಲ್ಲ. ಸಾವಿರದೊಳಗೆ ನೂರ ಅರವತ್ತೆಂಟು ಅವಿಭಾಜ್ಯಗಳಿವೆ, ಅಷ್ಟರಿಂದ ಭಾಗಿಸಿದ್ರೆ ಸಾಕು. ಆಚೆಯದು ಯಾವುದಾದ್ರೂ ಭಾಗಿಸೋದಾದ್ರೆ ಅದರ ಜೋಡಿ ಸಾವಿರದೊಳಗೇ ಸಿಕ್ಕಿರತ್ತೆ. ಎಲ್ಲಾದ್ರೂ ಸೊನ್ನೆ ಬಂತು ಅಂದ್ರೆ ತಪ್ಪು ನನ್ನ ತಲೇದೇ."

"ಅಯ್ಯೋ, ಅದು ನಾನು ಬರ್ದಿದ್ದು ಕಣೋ!"

ನಂಬಿದರೆ ತಾನೆ! "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ಚಿಕ್ಕಂದಿನಿಂದ ನನ್ನ ತಪ್ಪನ್ನೆಲ್ಲ ನಿನ್ನ ಮೇಲೇ ಹಾಕ್ಕೊಂಡು ಬಂದಿದೀಯ."

ಅದೇನೋ ನಿಜವೇ. ಒಡೆದ ಹೂಜಿ, ಕಳೆದ ಛತ್ರಿ, ಎಲ್ಲದಕ್ಕೂ ಬೈಸಿಕೊಂಡವಳು ಅವಳೇ. ಈಗ ತಪ್ಪು ನಿಜಕ್ಕೂ ಅವಳದಾಗಿತ್ತು, ಒಪ್ಪಿಕೊಂಡರೂ ಕೇಳುವವರಿಲ್ಲ.

ಓಡಿಹೋಗಿ ತನ್ನ ಅಳತೆ ಪುಸ್ತಕ ತಂದು ಅವನ ಲೆಕ್ಕದ ಪಕ್ಕಕ್ಕಿಟ್ಟಳು. ಸೊಂಟ ಮೂವತ್ತು, ಉದ್ದ ನಲವತ್ತು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಗೀಚಿ ರೂಢಿಯಾಗಿ, ಅವಳ ಸೊನ್ನೆಗಳಿಗೆಲ್ಲ ನೆತ್ತಿಯ ಮೇಲೊಂದು ಪುಟ್ಟ ಬಾಲ. ನೂರ ಒಂದರ ಲೆಕ್ಕದಲ್ಲಿ ಶೇಷದ ಸೊನ್ನೆಗೂ ಅದೇ ಬಾಲ; ತಮ್ಮ ಬರೆದ ಉಳಿದ ಸೊನ್ನೆಗಳೆಲ್ಲ ಬೋಳು.

ತಮ್ಮ ಎರಡೂ ಪುಸ್ತಕಗಳನ್ನು ಬೆಳಕಿಗೆ ಹಿಡಿದು ನೋಡಿದ. ಕಣ್ಣು ತುಂಬಿ ಬಂತು, ಹಿಂದೆಯೇ ಸಿಟ್ಟೂ ಬಂತು. "ಜೀವ ಬಾಯಿಗೆ ತಂದ್ಯಲ್ಲ ಅಕ್ಕಾ!" ಎಂದು ಗದರಿ, ಸೊನ್ನೆ ಅಳಿಸಿ ಎರಡು ಬರೆದ. ಆಮೇಲೆ ಬೀಗದ ಕೈ ಎತ್ತಿಕೊಂಡು ಚಪ್ಪಲಿ ಮೆಟ್ಟಿದ.

"ಇನ್ನೂ ನೂರ ನಲವತ್ತೆರಡು ಬಾಕಿ ಇದೆಯಲ್ಲೋ?" ಎಂದಳು ಅಕ್ಕ, ಬಾಗಿಲಿಗೆ ಬಂದು.

"ಆರು ಸಲಾನೂ ಎರಡೇ ಬಂತಲ್ಲ, ಸಾಕು. ಉಳಿದದ್ದು ಅಂಗಡೀಲಿ ಕೂತು ಮಾಡ್ತೀನಿ. ನೀನಿರೋ ಮನೇಲಿ ಈ ಪುಸ್ತಕ ಇಡೋ ಹಾಗಿಲ್ಲ."